ಗೋಡೆ ಮೇಲೆ ಹಳೇ ಫೋಟೊ, ಕೋರ್ಟಿನಲ್ಲಿ ಏಳೇ ಹುಡುಗರು

ಓದುಗರ ಆಟೋಟದ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬ್ಯಾಸ್ಕೆಟ್‌ಬಾಲ್‌ ಬಗ್ಗೆಯೇ. ಕ್ರಿಕೆಟ್ ಕೇಳಿದವರು ಸ್ವಲ್ಪ ತಡೀರಿ, ನಿಮ್ಮದು ಮುಂದಿನ ಸಂಚಿಕೆಗೆ. ಬೆಳಗಾವಿಯಿಂದ ಬಂದ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ಬರೆದವರು ಇವತ್ತು ನಿಂತಿರುವ ಜಾಗದಲ್ಲೇ ನಾನೂ ಒಮ್ಮೆ ಕೈಯಲ್ಲಿ ಸೀಟಿ ಹಿಡಿದು, ಏನು ಮಾಡಬೇಕು ತಿಳಿಯದೆ ನಿಂತಿದ್ದೆ.

ಪ್ರಶ್ನೆ: ಸರ್, ನಾನು ಹೋದ ಜೂನ್‌ನಲ್ಲಿ ಬೆಳಗಾವಿಯ ಒಂದು ಕಾಲೇಜಿಗೆ ಪಿ.ಇ. ಡೈರೆಕ್ಟರ್ ಆಗಿ ಸೇರಿದೆ. ಇಲ್ಲಿಯ ಬ್ಯಾಸ್ಕೆಟ್‌ಬಾಲ್ ಟೀಮ್ ಒಂದು ಕಾಲಕ್ಕೆ ಹುಬ್ಬಳ್ಳಿ, ಧಾರವಾಡದವರನ್ನೆಲ್ಲ ಸೋಲಿಸಿ ಕಪ್ ಮೇಲೆ ಕಪ್ ತಂದಿತ್ತಂತೆ. ಕಾರಿಡಾರ್ ತುಂಬ ಆ ಫೋಟೊಗಳೇ. ಈಗ ಟ್ರಯಲ್ಸ್ ಕರೆದರೆ ಬಂದವರು ಏಳು ಹುಡುಗರು, ಅದರಲ್ಲಿ ಇಬ್ಬರು ಚಪ್ಪಲಿ ಮೇಲೆ. ಪ್ರಿನ್ಸಿಪಾಲರಿಗೆ ಈ ವರ್ಷವೇ ಝೋನಲ್ ಕಪ್ ಬೇಕು. ಭಾನುವಾರ ಹಳೇ ಆಟಗಾರರು ಬಂದು ಕೋರ್ಟ್ ಹಿಡಿಯುತ್ತಾರೆ, ‘ನಮ್ಮ ಟೈಮಿನ್ಯಾಗ ಹಿಂಗ ಇರಲಿಲ್ರೀ’ ಅಂತ ಹೇಳಿ ಹೋಗುತ್ತಾರೆ. ಎಲ್ಲಿಂದ ಶುರು ಮಾಡಲಿ?
— ಹೊಸ ಕೋಚ್, ಬೆಳಗಾವಿ

ಉತ್ತರ: ಏಳು ಜನ ಬಂದರಲ್ಲ ಸರ್, ಅದೇ ಪುಣ್ಯ. ನನಗೆ ಮೊದಲ ವರ್ಷ ಬಂದವರು ಆರು. ಅದರಲ್ಲೊಬ್ಬ ವಾಲಿಬಾಲ್ ಟ್ರಯಲ್ಸ್ ಅಂದುಕೊಂಡು ಬಂದಿದ್ದ. ವಾಪಸ್ ಹೋಗಲು ನಾಚಿಕೆಯಾಗಿ ಅಲ್ಲೇ ನಿಂತ. ಮೂರನೇ ವರ್ಷಕ್ಕೆ ಅವನೇ ಕ್ಯಾಪ್ಟನ್ ಆದ.

ಎಲ್ಲಿಂದ ಶುರು ಅಂತ ಕೇಳಿದಿರಿ. ಟೇಪಿನಿಂದ ಶುರು ಮಾಡಿ. ಬಡಿಗೇರರ ಹತ್ತಿರ ಇರುತ್ತದಲ್ಲ, ಆ ಉಕ್ಕಿನ ಟೇಪು. ನಗಬೇಡಿ, ಕತೆ ಕೇಳಿ.

ನಾನು ವಿಜಯಪುರದಲ್ಲಿ ಕೆಲಸಕ್ಕೆ ಸೇರಿದಾಗ ಊರಿನ ಹೆಸರು ಇನ್ನೂ ಬಿಜಾಪುರ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗಿದ್ದು 2010ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹಾಗಾಗಿ ಹುಬ್ಬಳ್ಳಿ, ಧಾರವಾಡದ ಪಳಗಿದ ಹುಡುಗರ ಎದುರೇ ಆಡಬೇಕು. ನಮ್ಮ ಹುಡುಗರು ನಮ್ಮ ಕೋರ್ಟಿನಲ್ಲಿ ಚೆನ್ನಾಗಿಯೇ ಹಾಕುತ್ತಿದ್ದರು. ಹೊರಗೆ ಹೋದರೆ ಒಂದೂ ಬೀಳುತ್ತಿರಲಿಲ್ಲ. ಚೆಂಡು ರಿಂಗಿನ ಮುಂದಿನ ಅಂಚಿಗೆ ಟಣ್ ಅಂತ ಬಡಿದು ವಾಪಸ್. ಮೂರು ಟೂರ್ನಮೆಂಟ್ ಹೀಗೇ ಆಯಿತು. ನಾನು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಬೈದೆ. ಧೈರ್ಯ ಇಲ್ಲ, ಹೊರಗಿನ ಜನ ನೋಡಿದರೆ ಕೈ ನಡುಗುತ್ತದೆ ಅಂತೆಲ್ಲ ಅಂದೆ.

ಒಂದಿನ ನಮ್ಮ ಕಾಲೇಜಿನ ಜವಾನ, ಬೇವಿನ ಎಲೆ ಗುಡಿಸುತ್ತ ಗುಡಿಸುತ್ತ ಸುಮ್ನೆ ಒಂದು ಮಾತು ಹೇಳಿದ. ‘ಸರ್, ನಾ ಬಂದಾಗಿಂದ ಈ ಕೋರ್ಟಿಗೆ ಮೂರು ಸಲ ಸಿಮೆಂಟ್ ಹಾಕ್ಯಾರ ನೋಡ್ರಿ.’ ನನಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ನೆಲ ಮೂರು ಸಲ ಮೇಲೆ ಬಂದಿದೆ. ಕಂಬ ಅಲ್ಲೇ ಇದೆ. ಏಣಿ ಹಾಕಿ ಅಳೆದರೆ ರಿಂಗಿನ ಎತ್ತರ ಒಂಬತ್ತು ಅಡಿ ಎಂಟು ಇಂಚು. ಇರಬೇಕಾದದ್ದು ಹತ್ತು ಅಡಿ, ಅಂದರೆ 3.05 ಮೀಟರ್. ನನ್ನ ಹುಡುಗರು ತಪ್ಪು ಎತ್ತರಕ್ಕೆ ಸರಿಯಾಗಿ ಹಾಕುವುದನ್ನು ಕಲಿತಿದ್ದರು! ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಬೋರ್ಡನ್ನು ನಾಲ್ಕು ಇಂಚು ಮೇಲೆ ಕೂರಿಸಿದೆವು. ಮುಂದಿನ ಒಂದು ತಿಂಗಳು ನಮ್ಮ ಕೋರ್ಟಿನಲ್ಲೂ ಒಂದೂ ಬೀಳಲಿಲ್ಲ. ಹುಡುಗರು ನನ್ನನ್ನು ಎಷ್ಟು ಬೈದುಕೊಂಡರೋ. ಬೈಸಿಕೊಳ್ಳುವ ಸರದಿ ನನ್ನದೇ ಆಗಿತ್ತು, ಅಲ್ವಾ?

ಅದಕ್ಕೇ ಹೇಳಿದ್ದು, ಮೊದಲು ಅಳೆಯಿರಿ. ರಿಂಗ್ 3.05 ಮೀಟರ್. ಫ್ರೀ ಥ್ರೋ ಗೆರೆ, ಅಂದರೆ ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ನಿಂತು ಚೆಂಡು ಹಾಕುವ ಗೆರೆ, ಬೋರ್ಡಿನಿಂದ 4.6 ಮೀಟರ್. ಮೂರು ಪಾಯಿಂಟಿನ ಗೆರೆ ಈಗ ರಿಂಗಿನ ನಡುವಿನಿಂದ 6.75 ಮೀಟರ್. 2010ಕ್ಕೆ ಮೊದಲು ಅದು 6.25 ಇತ್ತು. ನಿಮ್ಮ ಕೋರ್ಟಿನಲ್ಲಿ ರಿಂಗಿನ ಮುಂದಿನ ಪಟ್ಟಿ ಇನ್ನೂ ಲಂಗದ ಹಾಗೆ ಒಂದು ಕಡೆ ಕಿರಿದು, ಬೇಸ್‌ಲೈನ್ (ರಿಂಗಿನ ಹಿಂದಿನ ಕೊನೆಯ ಗೆರೆ) ಕಡೆ ಅಗಲ ಇದ್ದರೆ ಅದು ಆ ಹಳೇ ಕಾಲದ ಪೇಂಟು. ಈಗ ಅದು ನೆಟ್ಟಗೆ ಆಯತಾಕಾರ. ಸುಣ್ಣ ಹಾಕಿಯಾದರೂ ಹೊಸ ಗೆರೆ ಎಳೆಯಿರಿ. ಹಳೇ ಗೆರೆ ಮೇಲೆ ಅಭ್ಯಾಸ ಮಾಡಿದ ಹುಡುಗ ಮ್ಯಾಚಿನಲ್ಲಿ ಮೂರು ಪಾಯಿಂಟ್ ಅಂದುಕೊಂಡು ಹಾಕುತ್ತಾನೆ, ರೆಫ್ರಿ ಎರಡೇ ಬೆರಳು ತೋರಿಸುತ್ತಾನೆ.

ಬೆಳಗಾವಿಯ ಮಳೆ ನನಗೂ ಗೊತ್ತು. ಜುಲೈನಲ್ಲಿ ಕ್ಯಾಂಪ್ ಬಡಾವಣೆ ಕಡೆ ಕೊಡೆ ಹಿಡಿದೇ ತೊಯ್ದು ತೊಪ್ಪೆಯಾದವನು ನಾನು. ಸಿಮೆಂಟ್ ಕೋರ್ಟಿನ ಮೇಲೆ ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪೌಡರ್ ಉದುರಿಸಿ, ತೆಂಗಿನ ಕಡ್ಡಿ ಪೊರಕೆಯಿಂದ ತಿಕ್ಕಿಸಿ. ನೀವೂ ತಿಕ್ಕಿ. ಪಾಚಿ ಮೇಲೆ ಒಬ್ಬ ಹುಡುಗನ ಮೊಣಕಾಲು ಹೋದರೆ ಏಳರಲ್ಲಿ ಆರು ಉಳಿಯುತ್ತಾರೆ. ಮಳೆ ಬಿಡದ ದಿನ ಕಾರಿಡಾರ್ ಸಾಕು. ಗೋಡೆಗೆ ಎದೆಯ ಮಟ್ಟದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಪಾಸಿಂಗ್ ಮಾಡಿಸಿ. ಪಿವಟ್ (ಒಂದು ಕಾಲು ಊರಿ ತಿರುಗುವುದು), ಡಿಫೆನ್ಸ್ ಸ್ಲೈಡ್ (ಎದುರಾಳಿಯನ್ನು ತಡೆಯಲು ಪಕ್ಕಕ್ಕೆ ಸರಿಯುವುದು), ಎಡಗೈ ಡ್ರಿಬ್ಲಿಂಗ್ (ಚೆಂಡು ಪುಟಿಸುವುದು), ಯಾವುದಕ್ಕೂ ರಿಂಗ್ ಬೇಡ. ಒಂದು ಮಳೆಗಾಲ ರಿಂಗ್ ಇಲ್ಲದೆ ಆಡಿದ ಹುಡುಗರ ಕಾಲು ಬೇರೆಯೇ ಇರುತ್ತದೆ. ಮೇಲಿನ ಕ್ಲಾಸಿನ ಮೇಷ್ಟ್ರು ಮಾತ್ರ ಸದ್ದಾಗುತ್ತದೆ ಅಂತ ಜಗಳಕ್ಕೆ ಬರುತ್ತಾರೆ. ಅವರಿಗೊಂದು ಚಹಾ ಕುಡಿಸಿ.

ತಿಕ್ಕುವ ಮಾತು ಬಂತಲ್ಲ, ಅಮೆರಿಕದ ಒಬ್ಬರ ವಿಷಯ ಹೇಳುತ್ತೇನೆ. ಜಾನ್ ವುಡನ್ ಅಂತ, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಕೋಚ್. 1948ರಲ್ಲಿ ಅಲ್ಲಿಗೆ ಬಂದಾಗ ಸಿಕ್ಕಿದ್ದು ಮೂರನೇ ಮಹಡಿಯ ಒಂದು ಹಳೇ ಜಿಮ್. ಗಾಳಿ ಆಡುತ್ತಿರಲಿಲ್ಲ, ಪಕ್ಕದಲ್ಲೇ ಬೇರೆ ಆಟದವರೂ ಇರುತ್ತಿದ್ದರು. ಅಭ್ಯಾಸಕ್ಕೆ ಮೊದಲು ನೆಲ ಒರೆಸಲು ಅವರೇ ನಿಲ್ಲುತ್ತಿದ್ದರು. ಪ್ರತಿ ವರ್ಷ ಮೊದಲ ದಿನ ಹುಡುಗರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಏನು ಗೊತ್ತಾ? ಕಾಲುಚೀಲ ಹಾಕುವುದು. ಒಂದು ಸುಕ್ಕೂ ಇರಬಾರದು, ಆಮೇಲೆ ಶೂ ಲೇಸು ಬಿಗಿಯಬೇಕು. ಸುಕ್ಕಿದ್ದರೆ ಬೊಕ್ಕೆ, ಬೊಕ್ಕೆ ಎದ್ದರೆ ಆಟ ಬಂದ್. ಅವರಿಗೆ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸಿಕ್ಕಿದ್ದು 1964ರಲ್ಲಿ. ಮರುವರ್ಷ ಇನ್ನೊಂದು. ಎರಡೂ ಅದೇ ಹಳೇ ಜಿಮ್ಮಿನಲ್ಲಿ ಅಭ್ಯಾಸ ಮಾಡಿ ಗೆದ್ದವು, ಹೊಸ ಕ್ರೀಡಾಂಗಣ ಆಮೇಲೆ ಬಂತು. ಒಟ್ಟು 12 ವರ್ಷದಲ್ಲಿ 10 ಸಲ ಗೆದ್ದರು.

ಪ್ರಿನ್ಸಿಪಾಲರ ಮುಂದೆ 1948 ಮತ್ತು 1964ರ ಲೆಕ್ಕ ಹೇಳಬೇಡಿ, 16 ವರ್ಷ ಅಂದರೆ ಹೆದರುತ್ತಾರೆ. ಅವರಿಗೆ ಅಮೆರಿಕದ್ದೇ ಡ್ಯೂಕ್ ಯೂನಿವರ್ಸಿಟಿಯ ಲೆಕ್ಕ ಹೇಳಿ. ಮೈಕ್ ಶಶೆವ್‌ಸ್ಕಿ 1980ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದರು. ಮೊದಲ ಮೂರು ವರ್ಷದಲ್ಲಿ 38 ಗೆಲುವು, 47 ಸೋಲು. ಇವರನ್ನು ತೆಗೆಯಿರಿ ಅಂತ ಹಳೇ ವಿದ್ಯಾರ್ಥಿಗಳ ಗಲಾಟೆ. ಅಲ್ಲಿಯ ಕ್ರೀಡಾ ನಿರ್ದೇಶಕರು ತೆಗೆಯಲಿಲ್ಲ, ಬದಲಿಗೆ ಕರಾರು ಮುಂದುವರಿಸಿದರು. 1991ರಲ್ಲಿ ಮೊದಲ ಚಾಂಪಿಯನ್‌ಷಿಪ್, 2022ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಐದು.

ಇಷ್ಟು ಹೇಳಿ, ಕಪ್ಪಿನ ಮಾತು ಬದಿಗಿಟ್ಟು, ಬೇರೆ ಮೂರು ಕೇಳಿ. ಎರಡು ವರ್ಷ ಟೈಮ್. ಆರು ಒಳ್ಳೆಯ ಚೆಂಡು. ಬೆಳಗಿನ ಅಭ್ಯಾಸ ಮುಗಿದ ಮೇಲೆ ಹುಡುಗರಿಗೆ ಎರಡೆರಡು ಮೊಟ್ಟೆ, ಬಾಳೆಹಣ್ಣು. ಮೂರನೆಯದು ಕಷ್ಟ. ಕಾಲೇಜಿನವರು ಟ್ರ್ಯಾಕ್‌ಸೂಟ್ ಕೊಡುತ್ತಾರೆ, ಯಾಕಂದರೆ ಅದು ಫೋಟೊದಲ್ಲಿ ಕಾಣುತ್ತದೆ. ಮೊಟ್ಟೆ ಕಾಣಲ್ಲ. ಆದರೂ ಪಟ್ಟು ಹಿಡಿಯಿರಿ. ಚಪ್ಪಲಿಯಲ್ಲಿ ಬಂದ ಆ ಇಬ್ಬರಿಗೆ ಶೂ ಹೊಂದಿಸುವ ಕೆಲಸ ಭಾನುವಾರದ ಹಳೇ ಆಟಗಾರರಿಗೆ ಕೊಡಿ. ಮಾತಾಡುವವರ ಕೈಗೆ ಕೆಲಸ ಕೊಟ್ಟರೆ ಅರ್ಧ ಜನ ಬರುವುದು ಬಿಡುತ್ತಾರೆ, ಉಳಿದ ಅರ್ಧ ನಿಮ್ಮವರಾಗುತ್ತಾರೆ. ಎರಡೂ ಲಾಭವೇ.

ಆ ಫೋಟೊಗಳ ಬಗ್ಗೆ ಒಂದು ಮಾತು. ನಾನು ಬಂದ ಹೊಸದರಲ್ಲಿ ದೊಡ್ಡ ತಪ್ಪು ಮಾಡಿದೆ. ಹಳೇ ಟೀಮುಗಳ ಫೋಟೊ ನೋಡಿ ನೋಡಿ ನನಗೇ ತಲೆ ಕೆಟ್ಟಿತ್ತು. ಸುಣ್ಣ ಹಚ್ಚುವ ನೆಪದಲ್ಲಿ ಎಲ್ಲ ಇಳಿಸಿ ಸ್ಟೋರ್ ರೂಮಿಗೆ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎರಡಕ್ಕೆ ಗೆದ್ದಲು ಹಿಡಿಯಿತು. ಹಳೇ ಆಟಗಾರರು ಸಿಟ್ಟಾದರು, ಆಗಲೇಬೇಕಿತ್ತು. ಉಳಿದವನ್ನು ಒರೆಸಿ ಮತ್ತೆ ಹಾಕಿಸಿದೆ. ಅವತ್ತು ಏಣಿ ಹಿಡಿದಿದ್ದ ಒಬ್ಬ ಹುಡುಗ, ಇಂಡಿ ಕಡೆಯವನು, ಒಂದು ಫೋಟೊದ ಮುಂದೆ ನಿಂತುಬಿಟ್ಟ. ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಎರಡನೆಯವನ ಮೇಲೆ ಬೆರಳಿಟ್ಟು, ‘ಇಂವ ನಮ್ಮ ಸೋದರಮಾವ ಅದಾನ್ರೀ! ಮನ್ಯಾಗ ಒಂದಿನಾನೂ ಹೇಳಿಲ್ಲ ನೋಡ್ರೀ ಸರ್’ ಅಂದ. ಆ ಮಾವನನ್ನು ಮರುವಾರ ಕರೆಸಿದೆ. ಹೊಲದ ಕೆಲಸ ಬಿಟ್ಟು ಬಂದಿದ್ದರು, ಕೈ ಕಾಯಿಗಟ್ಟಿತ್ತು. ಚೆಂಡು ಕೊಟ್ಟರೆ ಪಂಚೆ ಎತ್ತಿ ಕಟ್ಟಿ ಫ್ರೀ ಥ್ರೋ ಗೆರೆಯಿಂದ ನಾಲ್ಕಕ್ಕೆ ನಾಲ್ಕು ಹಾಕಿದರು. ರಿಂಗ್ ಎತ್ತರಿಸಿದ ಮೇಲಿನ ಮಾತು ಇದು. ಹುಡುಗರು ಅವತ್ತು ಮನೆಗೆ ಹೋಗಲು ಒಪ್ಪಲಿಲ್ಲ.

ಮೊದಲ ವರ್ಷ ನಾವು ಮೊದಲ ಸುತ್ತಿನಲ್ಲೇ 61–24ರಿಂದ ಸೋತೆವು. ಎರಡನೇ ವರ್ಷ ಅದೇ ಟೀಮಿಗೆ 48–41. ನಾನು ಬರೆದಿಡುತ್ತಿದ್ದುದು ಸ್ಕೋರಲ್ಲ. ಚೆಂಡು ಎಷ್ಟು ಸಲ ಕೈತಪ್ಪಿತು, ರೀಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಚೆಂಡು) ಎಷ್ಟು ಸಿಕ್ಕವು, ಎರಡೇ. ಒಂದು 100 ಪುಟದ ನೋಟ್‌ಬುಕ್. ನೀವೂ ಒಂದು ತಗೊಳ್ಳಿ.

ಪ್ರಶ್ನೆ: ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಮೊಬೈಲ್‌ನಲ್ಲಿ ನೋಡುತ್ತೇನೆ. ಕೆಂಟಕಿಯಲ್ಲಿ 2024ರಲ್ಲಿ ಹೊಸ ಕೋಚ್ ಬಂದು ಒಂದೇ ವರ್ಷದಲ್ಲಿ ಟೀಮ್ ಕಟ್ಟಿದರು. ನಮ್ಮ ಕಾಲೇಜುಗಳಲ್ಲಿ ಯಾಕೆ ಆಗಲ್ಲ?
— ಬಿ.ಕಾಂ. ವಿದ್ಯಾರ್ಥಿ, ಅಥಣಿ

ಉತ್ತರ: ಒಳ್ಳೆ ಉದಾಹರಣೆ ತಂದೆ ತಮ್ಮಾ. ಕೆಂಟಕಿ ಎಂಟು ಸಲ ಚಾಂಪಿಯನ್ ಆದ ಕಾಲೇಜು. ಹಿಂದಿನ ಕೋಚ್ ಅರ್ಕನ್ಸಾಸ್‌ಗೆ ಹೋದಾಗ ಸ್ಕಾಲರ್‌ಷಿಪ್ ಆಟಗಾರ ಅಂತ ಒಬ್ಬನೂ ಉಳಿಯಲಿಲ್ಲ. ಬೆಳಗಾವಿ ಸರ್ ಹತ್ತಿರ ಏಳು ಜನ ಇದ್ದಾರೆ, ಹೊಸ ಕೋಚ್ ಮಾರ್ಕ್ ಪೋಪ್ ಬಂದಾಗ ಅಲ್ಲಿ ಸೊನ್ನೆ! ಆದರೂ ಆ ಋತುವಿನಲ್ಲಿ ಅವರ ಟೀಮ್ ರಾಷ್ಟ್ರೀಯ ಟೂರ್ನಿಯ ಕೊನೆಯ 16ರವರೆಗೆ ಹೋಯಿತು.

ಅದು ಆಗಿದ್ದು ಹೇಗೆ ಅಂದರೆ, ಅಲ್ಲಿ ಈಗ ಆಟಗಾರರು ಕಾಲೇಜು ಬದಲಿಸುವುದು ಬಹಳ ಸಲೀಸು. 2018ರಲ್ಲಿ ಅದಕ್ಕೊಂದು ಪಟ್ಟಿ ಶುರುವಾಯಿತು, ಟ್ರಾನ್ಸ್‌ಫರ್ ಪೋರ್ಟಲ್ ಅಂತಾರೆ. ಮೊದಲೆಲ್ಲ ಕಾಲೇಜು ಬಿಟ್ಟವನು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಆ ಅಡ್ಡಿ ಸಡಿಲವಾಯಿತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ತಗೊಳ್ಳಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡುತ್ತಿವೆ. ಬೇರೆ ಬೇರೆ ಕಾಲೇಜಿನಲ್ಲಿ ಪಳಗಿದ, 22–23 ವರ್ಷದ ಹುಡುಗರನ್ನು ಒಂದು ಬೇಸಿಗೆಯಲ್ಲಿ ಕೂಡಿಸಿದರೆ ಟೀಮ್ ಆಗುತ್ತದೆ. ನಮ್ಮಲ್ಲಿ ದುಡ್ಡೆಲ್ಲಿ?

ದುಡ್ಡಿಲ್ಲದಿದ್ದರೂ ನಾನು ಆ ಆಟ ಆಡಿ ನೋಡಿದ್ದೇನೆ. ನನ್ನ ನಾಲ್ಕನೇ ವರ್ಷ. ಹುಬ್ಬಳ್ಳಿ ಕಡೆಯ ಇಬ್ಬರು ಎತ್ತರದ ಹುಡುಗರಿಗೆ ಫೀ ಮಾಫಿ ಮಾಡಿಸಿ, ಹಾಸ್ಟೆಲ್ ಊಟ ಪುಕ್ಕಟೆ ಮಾಡಿಸಿ ಕರೆತಂದೆ. ಕ್ಲಾಸಿನಲ್ಲಿ ಅವರ ಮುಖ ನೋಡಿದವರಿಲ್ಲ. ಝೋನಲ್ ಕಪ್ ಬಂತು. ಮೆರವಣಿಗೆ, ಗುಲಾಲು, ಪ್ರಿನ್ಸಿಪಾಲರ ಭಾಷಣ ಎಲ್ಲ ಆಯಿತು. ಮರುವರ್ಷ ಇನ್ನೊಂದು ಕಾಲೇಜಿನವರು ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂದರು, ಇಬ್ಬರೂ ಹೋದರು. ಅವರು ತಪ್ಪು ಮಾಡಿದರು ಅಂತ ನಾನು ಹೇಳಲ್ಲ, ನಾನೇ ಹಾಗೆ ಕರೆತಂದಿದ್ದೆನಲ್ಲ. ಆದರೆ ವರ್ಷವಿಡೀ ಬೆಂಚ್ ಕಾಯ್ದ ನಮ್ಮೂರ ಹುಡುಗರಲ್ಲಿ ಮೂವರು ಆಟವನ್ನೇ ಬಿಟ್ಟರು. ಆ ಕಪ್ ಇನ್ನೂ ಕಾಲೇಜಿನಲ್ಲಿದೆ. ನನಗೆ ಅದರ ಕಡೆ ನೋಡಲು ಮನಸ್ಸಾಗುವುದಿಲ್ಲ.

ಕೆಂಟಕಿಯದೇ ಹಳೇ ಕತೆ ಒಂದಿದೆ, ನನಗೆ ಅದೇ ಜಾಸ್ತಿ ಇಷ್ಟ. 1989ರಲ್ಲಿ ನಿಯಮ ಮುರಿದ ತಪ್ಪಿಗೆ ಆ ಕಾಲೇಜಿಗೆ ಶಿಕ್ಷೆ ಆಯಿತು. ಎರಡು ವರ್ಷ ರಾಷ್ಟ್ರೀಯ ಟೂರ್ನಿ ಇಲ್ಲ. ಒಳ್ಳೊಳ್ಳೆ ಆಟಗಾರರು ಬಿಟ್ಟು ಹೋದರು. ರಿಕ್ ಪಿಟಿನೊ ಹೊಸ ಕೋಚ್ ಆಗಿ ಬಂದರು. ಹೋಗದೆ ಉಳಿದವರಲ್ಲಿ ನಾಲ್ವರು ಕೊನೆಯವರೆಗೂ ನಿಂತರು, ಅವರಲ್ಲಿ ಮೂವರು ಆ ರಾಜ್ಯದ ಹುಡುಗರೇ. ಶಿಕ್ಷೆ ಮುಗಿದು 1992ರಲ್ಲಿ ಅವರು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟಕ್ಕೆ ಬಂದರು. ಎದುರಿಗೆ ಅದೇ ಶಶೆವ್‌ಸ್ಕಿಯವರ ಡ್ಯೂಕ್. ಹೆಚ್ಚುವರಿ ಸಮಯ, 2.1 ಸೆಕೆಂಡ್ ಬಾಕಿ, ಕೆಂಟಕಿ ಒಂದು ಪಾಯಿಂಟ್ ಮುಂದೆ. ಆಗ ಡ್ಯೂಕ್‌ನ ಲೇಟ್ನರ್ ಉದ್ದ ಪಾಸ್ ಹಿಡಿದು, ತಿರುಗಿ ಹಾಕಿಬಿಟ್ಟ. 104–103, ಕೆಂಟಕಿಗೆ ಸೋಲು. ಅಂಥಾ ಸೋಲು ಸೋತು ಬಂದ ಆ ನಾಲ್ವರ ಜೆರ್ಸಿಗಳನ್ನು ಕಾಲೇಜಿನವರು ಕ್ರೀಡಾಂಗಣದಲ್ಲಿ ಮೇಲೆ ತೂಗುಹಾಕಿದರು. ಚಾಂಪಿಯನ್‌ಷಿಪ್ ಬಂದದ್ದು 1996ರಲ್ಲಿ. ಆ ಟೀಮಿನ ಕ್ಯಾಪ್ಟನ್‌ಗಳಲ್ಲಿ ಒಬ್ಬ ಮಾರ್ಕ್ ಪೋಪ್. ನೀನು ಕೇಳಿದೆಯಲ್ಲ, ಅದೇ ಹೊಸ ಕೋಚ್. ಫೋಟೊದಲ್ಲಿದ್ದವನನ್ನೇ ಕರೆತಂದರು ನೋಡು.

ಪ್ರಶ್ನೆ: ನಾನು ನಮ್ಮ ಕಾಲೇಜಿನ ಹಳೇ ಆಟಗಾರ, ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ಟೀಮಿಗೆ ಆಡಿದವನು. ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ. ನಾವು ಐದೂವರೆಗೆ ಕೋರ್ಟಿನಲ್ಲಿರುತ್ತಿದ್ದೆವು. ಹೊಸ ಸರ್‌ಗೆ ಹೇಳಿದರೆ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ.
— ಬಾಗಲಕೋಟೆ

ಉತ್ತರ: ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೆ ಲೆಕ್ಕ ಹಾಕಿ. ನಿಮ್ಮ ಕಾಲಕ್ಕೆ ಹಳೇ ಊರಿನ ಓಣಿಯಿಂದ ಕೋರ್ಟಿಗೆ ನಡೆದು ಬರುತ್ತಿದ್ದಿರಿ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಎಷ್ಟೋ ಮನೆಗಳು ನವನಗರಕ್ಕೆ ಹೋದವು. ಹಳ್ಳಿಯಿಂದ ಬರುವ ಹುಡುಗ ಮೊದಲ ಬಸ್ಸು ಹಿಡಿದರೂ ಐದೂವರೆಗೆ ಹೇಗೆ ಮುಟ್ಟಬೇಕು? ಸೆಮಿಸ್ಟರ್ ಬಂದು ವರ್ಷಕ್ಕೆ ಎರಡು ಸಲ ಪರೀಕ್ಷೆ ಬೇರೆ. ನಿಮ್ಮ ಸರ್ ಅಭ್ಯಾಸವನ್ನು ಸಂಜೆಗೆ ಇಟ್ಟಿದ್ದರೆ ಅದು ಸೋಮಾರಿತನ ಅಲ್ಲ.

ಕಿವಿ ಮೇಲೆ ಹಾಕಿಕೊಳ್ಳಬೇಕು ಅಂದರೆ ಒಂದು ಉಪಾಯ ಇದೆ. ವಾರದಲ್ಲಿ ಎರಡು ಸಂಜೆ ಹೋಗಿ, ಪ್ರಾಕ್ಟೀಸ್ ಮ್ಯಾಚಿಗೆ ಟೇಬಲ್ ಮೇಲೆ ಕೂತು ಸ್ಕೋರ್ ಶೀಟ್ ಬರೆದು ಕೊಡಿ. ಯಾರ ಫೌಲ್ ಎಷ್ಟು, ಟೈಮ್‌ಔಟ್ ಎಷ್ಟು ಉಳಿದವು, ಅಷ್ಟೇ. ಒಬ್ಬನೇ ಕೋಚ್ ಆದವನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಒಂದು ತಿಂಗಳು ಬಾಯಿ ಬಿಡಬೇಡಿ. ಆಮೇಲೆ ಅವರೇ ಕೇಳುತ್ತಾರೆ. ಆಗ, ಚೆಂಡು ಸಿಕ್ಕ ಟೀಮ್ 24 ಸೆಕೆಂಡಿನೊಳಗೆ ರಿಂಗಿಗೆ ಹಾಕಬೇಕಲ್ಲ, ಹಾಗೇ ನಿಮ್ಮ ಮಾತನ್ನೂ 24 ಸೆಕೆಂಡಿನಲ್ಲಿ ಮುಗಿಸಿ.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಒಂದು ಇಂಚು. ಬ್ಯಾಸ್ಕೆಟ್‌ಬಾಲ್ ನಿನಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅವ್ವನೂ ಅದನ್ನೇ ಹೇಳುತ್ತಾಳೆ.
— ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಮಗ್ಸಿ ಬೋಗ್ಸ್ ಅಂತ ಒಬ್ಬ ಇದ್ದ. ಐದು ಅಡಿ ಮೂರು ಇಂಚು. ಏಳು ಅಡಿಯವರ ನಡುವೆ 14 ಋತು ಆಡಿದ. ಎತ್ತರದವರಿಗೆ ಸೊಂಟದ ಕೆಳಗೆ ಬರುವ ಚೆಂಡು ಎಂದರೆ ಭಯ, ಅಲ್ಲೇ ನಿನ್ನ ಮನೆ ಮಾಡಿಕೋ. ಹುಡುಗಿಯರಿಗೆ 6ನೇ ಸೈಜಿನ ಚೆಂಡು, ಹುಡುಗರ 7ನೇದು ಹಿಡಿದು ಕೈ ಕೆಡಿಸಿಕೊಳ್ಳಬೇಡ. ಅವ್ವನಿಗೆ ಹೇಳು, ಈ ಆಟ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಮರುವರ್ಷವೇ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಮೇಡಂ ಹುಡುಗಿಯರಿಗೆ ಕಲಿಸಿದರು. ಹೊಸ ರೂಢಿ ಏನಲ್ಲ ಇದು.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದವರು ಯಾರು? ಅವರು ಕೋಚ್ ಕೂಡ ಆಗಿದ್ದರಾ?
— ಒಂಬತ್ತನೇ ತರಗತಿ, ಮುದ್ದೇಬಿಹಾಳ

ಉತ್ತರ: ಜೇಮ್ಸ್ ನೈಸ್ಮಿತ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ಶಾಲೆಯ ಮೇಷ್ಟ್ರು. ಚಳಿಗಾಲದಲ್ಲಿ ಒಳಗೆ ಕೂತು ಬೇಸತ್ತ 18 ಹುಡುಗರಿಗಾಗಿ ಪೀಚ್ ಹಣ್ಣಿನ ಬುಟ್ಟಿ ಎರಡನ್ನು ಗೋಡೆಗೆ ಹೊಡೆಸಿದರು. ಬುಟ್ಟಿಗೆ ತಳ ಇತ್ತು, ಚೆಂಡು ಬಿದ್ದರೆ ಏಣಿ ಹತ್ತಿ ತೆಗೆಯಬೇಕು. ಮೊದಲ ಆಟದ ಸ್ಕೋರು 1–0. ಆಮೇಲೆ 1898ರಲ್ಲಿ ಕ್ಯಾನ್ಸಾಸ್ ಯೂನಿವರ್ಸಿಟಿಗೆ ಹೋಗಿ ಅಲ್ಲಿಯ ಮೊದಲ ಕೋಚ್ ಆದರು. ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಆ ಯೂನಿವರ್ಸಿಟಿಯಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವ ಕೋಚ್ ಅವರೊಬ್ಬರೇ.

ಬೆಳಗಾವಿ ಸರ್, ಈ ಕೊನೆಯ ಉತ್ತರವನ್ನು ಕತ್ತರಿಸಿ ಪ್ರಿನ್ಸಿಪಾಲರ ಟೇಬಲ್ ಮೇಲೆ ಇಟ್ಟುಬಿಡಿ. ರಿಂಗ್ ಅಳೆದ ಮೇಲೆ ಎಷ್ಟು ಬಂತು ಅಂತ ನನಗೊಂದು ಕಾರ್ಡು ಬರೆಯಿರಿ.